ಟ್ಯಾಂಕಿನಡಿಯ ತಟ್ಟೆ

ವೂಲ್ ಸ್ಟೇಷನ್ನಿಂದ ಮುಳ್ಳುಪೊದೆಯ ಬಯಲು ದಾಟಿದರೆ
ಟ್ಯಾಂಕುಗಳ ಸಂಗ್ರಹಾಲಯ.
ಹಿಂದಿನ ಶೆಡ್ಡಿನ ಮೂಲೆಯಲ್ಲಿ ಐವತ್ತೈದು ಟನ್ನಿನ ಚೀಫ್ಟನ್,
ಅದರ ಹೊಟ್ಟೆಯಡಿ ಒಂದು ತಗಡಿನ ತಟ್ಟೆ.
ಎಂಜಿನ್ನು ನಿಂತು ಮೂವತ್ತು ವರ್ಷ,
ಎಣ್ಣೆ ಮಾತ್ರ ಇವತ್ತಿಗೂ ಸೋರುತ್ತದೆ,
ಒಳಗೆ ಎಲ್ಲಿ ಉಳಿದಿತ್ತೋ.
ವಾರಕ್ಕೊಮ್ಮೆ ಮರ್ವಿನ್ ಸ್ಕ್ವಿಬ್ ಬಂದು
ತಟ್ಟೆ ಎಳೆದು, ಒರೆಸಿ, ಮತ್ತೆ ಒಳಗೆ ತಳ್ಳುತ್ತಾರೆ,
ಮಗು ಮಲಗಿರುವ ಕೋಣೆಯಲ್ಲಿ ಓಡಾಡುವವರ ಹಾಗೆ.

(ಬಾಯಲ್ಲಿ ಮರ್ವಿನ್. ಮನಸ್ಸಿನಲ್ಲಿ ನನಗೆ
ಬಹುವಚನ ಬಿಡಲು ಬಂದಿಲ್ಲ.)

ಆಯುಧಪೂಜೆಯ ದಿನ ಯಾರೂ ನೋಡದಾಗ
ಅದರ ಉಕ್ಕಿನ ಪಟ್ಟಿಯ ಮುಂದೆ ನಿಂಬೆಹಣ್ಣು ಇಟ್ಟೆ.
ಜಜ್ಜಬೇಕಾದರೆ ಅದು ಒಂದು ಗೇಣಾದರೂ ಚಲಿಸಬೇಕಲ್ಲ.
ಹಣ್ಣು ಹಾಗೇ ಒಣಗಿ ಗೋಲಿಯಾಯಿತು.
ಮರ್ವಿನ್ನರು ಅದನ್ನೂ ಒರೆಸಿ,
ಇದ್ದಲ್ಲೇ ಇಟ್ಟರು.

*

ಬುಧವಾರ ಸಂಜೆ ವೇರಮ್ ಚರ್ಚಿನ ಹಾಲಿನಲ್ಲಿ
ನಾವಿಬ್ಬರೂ ಶತ್ರುಗಳು.
ಮಗನನ್ನು ಆಡಿಸಲೆಂದು ಕರೆತಂದವಳು ನಾನು.
ಮೂರೇ ತಿಂಗಳಿಗೆ ಅವನು ಫುಟ್‌ಬಾಲಿಗೆ ಹಾರಿದ,
ರಷ್ಯದ ಸೈನ್ಯ ನನ್ನ ಪಾಲಿಗೆ ಬಂತು:
ಬಿಸ್ಕತ್ತಿನ ಡಬ್ಬಿ, ಹತ್ತಿ, ಹತ್ತೊಂಬತ್ತು ಟ್ಯಾಂಕು,
ಒಂದಕ್ಕೆ ನಳಿಗೆ ಮುರಿದಿದೆ.

ಎಪ್ಪತ್ತೆರಡರಲ್ಲೊಂದು ಪಾಲಿನ ಲೋಕ.
ಚಹಾ ಚರಟ ಒಣಗಿಸಿದರೆ ಬೇಲಿ,
ಕಾಲೊರಸಿನ ನಾರು ಮಾಗಿದ ಗೋಧಿ,
ಹೊಳೆ, ನೀಲಿ ಟೇಪು.
ನನ್ನ ರಂಗೋಲಿ ಕೈ ಎಳೆಯುವ ಗೆರೆ ಸಣ್ಣ ಎಂದು
ಮರ್ವಿನ್ನರು ತಮ್ಮ ಟ್ಯಾಂಕಿನ ನಂಬರನ್ನು
ನನ್ನಿಂದಲೇ ಬರೆಸಿಕೊಂಡರು,
ಶೆಡ್ಡಿನಲ್ಲಿರುವುದರ ಮೈಮೇಲೆ ಇರುವ ನಂಬರು,
ಸಾಸಿವೆ ಕಾಳಿನಷ್ಟು ಅಂಕಿ.
ದಾಳ ಹಾಕುವ ಮುಂಚೆ ನಾನು ಮುಷ್ಟಿಗೆ ಉಸಿರೂದುತ್ತೇನೆ,
ಚೌಕಾಬಾರದ ಚಾಳಿ.
ಅದನ್ನು ಕಲಿತು ಈಗ ಅವರೂ ಊದುತ್ತಾರೆ.

*

ಒಮ್ಮೆ ಕೇಳಿದ್ದೆ: ಯಾವ ಯುದ್ಧದಲ್ಲಿ ಓಡಿಸಿದ್ದು?
ಯಾವುದರಲ್ಲೂ ಇಲ್ಲ, ಅಂದರು.
ಹನ್ನೊಂದು ವರ್ಷ, ಜರ್ಮನಿಯ ಒಂದು ಕಾಡಂಚು,
ಅಂಗಾತ ಮಲಗಿ ಓಡಿಸುವ ಸೀಟು, ಮುಖ ಪೂರ್ವಕ್ಕೆ.
ಬರುತ್ತಾರೆ, ಬೆಳಗಿನ ಜಾವ ಬಂದೇ ಬರುತ್ತಾರೆ ಅನ್ನುತ್ತಿದ್ದರು.
ಬಂದದ್ದು ಮಂಜು.
ಹಾಲಿನ ವ್ಯಾನು.
ಒಂದು ಸಲ ಜಿಂಕೆ, ನಳಿಗೆಯ ಮೇಲಿನ ಇಬ್ಬನಿ ನೆಕ್ಕಿ ಹೋಯಿತು.
ಗೋಪುರದಲ್ಲಿ ಯಾರೋ ಸದಾ ಚಹಾ ಕಾಯಿಸುತ್ತಿದ್ದರು.
ಹೆಂಡತಿ ಐದನೇ ವರ್ಷಕ್ಕೆ ಹೊರಟುಹೋದಳು,
ಕಾಯುವವನಿಗಾಗಿ ಎಷ್ಟಂತ ಕಾಯಲಿ ಎಂದು.
ಅಷ್ಟೇ, ಅಂದರು,
ಕುಂಚವನ್ನು ತುಟಿಯಲ್ಲಿ ಚೂಪು ಮಾಡುತ್ತ.

*

ಕಳೆದ ಬುಧವಾರ ನನ್ನ ಹತ್ತೊಂಬತ್ತೂ
ಕಾಲೊರಸು ತುಳಿದು ಹೊರಟವು.
ಅವರದು ಉಳಿದದ್ದು ಒಂದೇ, ಚಹಾ ಬೇಲಿಯ ಹಿಂದೆ.
ಆತುರದಲ್ಲಿ ನಾನು ತಿರುಗಿದ್ದೆ, ನನ್ನ ಪಕ್ಕೆ ಪೂರಾ ಬಯಲು.
ಅಕ್ಕಪಕ್ಕದ ಮೇಜಿನವರೂ ಎದ್ದು ಬಂದರು.
ಅವರು ಊದಿದರು, ಎಸೆದರು.
ದಾಳ ಹೊಳೆ ದಾಟಿ, ಡಬ್ಬಿಗೆ ಬಡಿದು,
ಒಂದು ಮೂಲೆಯ ಮೇಲೆ ಬುಗುರಿಯಾಗಿ
ಬಿತ್ತು. ಆರು.

ಗರ ಬಿತ್ತು, ಹೊಡೆಯಿರಿ ಅಂದೆ ಕನ್ನಡದಲ್ಲೇ.
ಯಾರಿಗೂ ಅರ್ಥವಾಗದೆ ಎಲ್ಲರಿಗೂ ಅರ್ಥವಾಯಿತು.

ಮರ್ವಿನ್ನರು ಆರನ್ನು ನೋಡಿದರು,
ಪೊದೆ ನೋಡಿದರು, ಗೋಧಿ ನೋಡಿದರು.
ನನ್ನ ಮುಂಚೂಣಿಯ ಟ್ಯಾಂಕನ್ನು, ನಳಿಗೆ ಮುರಿದದ್ದನ್ನು,
ಕಿರುಬೆರಳಿಂದ ಒಮ್ಮೆ ಮುಟ್ಟಿ,
ಅಂತೂ ಬಂದಿರಲ್ಲ, ಅಂದರು.
ದಾಳವನ್ನು ಜೇಬಿಗೆ ಹಾಕಿಕೊಂಡರು.
ನಿಯಮದ ಪುಸ್ತಕ ತಿರುವುತ್ತಿದ್ದವರನ್ನು ಬಿಟ್ಟು
ಕೆಟಲ್ ಹಾಕಲು ಹೋದರು.

ಎರಡು ವರ್ಷದಿಂದ ಅವರೇ ಕಲಸಿ ಕೊಟ್ಟದ್ದು ನನ್ನ ಚಹಾ.
ಆದರೂ ಒಳಗಿನಿಂದ ಕೂಗಿ ಕೇಳಿದರು:
ನಿಮಗೆ ಸಕ್ಕರೆ ಎಷ್ಟು?